ಪ್ರಾಸ್ಟೇಟ್ ಚಿಕಿತ್ಸೆಯಲ್ಲಿರುವವರಿಗೆ ವ್ಯಾಯಾಮ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಗಂಡಸರು ಗಂಡಸರೊಡನೆಯೂ ಬಾಯಿಬಿಟ್ಟು ಆಡದ ವಿಷಯವೊಂದನ್ನು ನಾವು ಇಂದು ಎತ್ತಿಕೊಂಡಿದ್ದೇವೆ. ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ, ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಅದಕ್ಕೆ ಕ್ಯಾನ್ಸರ್ ತಗಲುವುದು ಹೆಚ್ಚಾಗಿ ಇಳಿವಯಸ್ಸಿನಲ್ಲಿ. ಗಿರಣಿ ಬಿಟ್ಟು ಮನೆಯಲ್ಲಿರುವ, ಹೋಟೆಲಿನ ಗಲ್ಲಾದಲ್ಲಿ ಕುಳಿತಿರುವ ನಮ್ಮ ಹಿರಿಯರ ವಯಸ್ಸು ಅದೇ.

ಗಂಡಸಿನ ಹಾರ್ಮೋನನ್ನು ತಗ್ಗಿಸಿದರೆ ಈ ರೋಗವೂ ಕುಗ್ಗುವುದೆಂದು 1941ರಲ್ಲಿ ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ಪರೇಲಿನಲ್ಲಿ, ಗಿರಣಿಗಳ ನಡುವೆ, ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದೂ ಅದೇ 1941ರಲ್ಲಿ. ಇಂದು ಹಲವರಿಗೆ ತಿಂಗಳಿಗೋ ಮೂರು ತಿಂಗಳಿಗೋ ಕೊಡುವ ಇಂಜೆಕ್ಷನ್ನಿನ ಉದ್ದೇಶವೂ ಆ ಹಾರ್ಮೋನನ್ನು ತಗ್ಗಿಸುವುದೇ.

ರೋಗವನ್ನೇನೋ ಅದು ಹಿಡಿದಿಡುತ್ತದೆ. ಆದರೆ ಮಾಂಸಖಂಡಕ್ಕೆ ಕಸುವು, ಮೂಳೆಗೆ ಗಟ್ಟಿತನ ಕೊಡುವುದೂ ಅದೇ ಹಾರ್ಮೋನು. ಅದು ಇಳಿದಾಗ ತೋಳು ತೊಡೆ ಸೊರಗಿ ಹೊಟ್ಟೆ ಮುಂದೆ ಬರುತ್ತದೆ, ಮೂಳೆ ಸವೆಯುತ್ತದೆ, ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ, ಸಿಹಿಮೂತ್ರ, ಹೃದಯರೋಗಗಳ ಭಯ ಹೆಚ್ಚುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ನಿದ್ದೆ ಮಾಡಿದರೂ ತೀರದ ದಣಿವು. ಒಂದು ಕಾಲಕ್ಕೆ ಅಕ್ಕಿಮೂಟೆ ಹೊತ್ತವನಿಗೆ ಹಾಲಿನ ಕ್ಯಾನು ಎತ್ತಲಾಗದಿದ್ದಾಗ ಆಗುವ ಸಂಕಟ ಸಣ್ಣದಲ್ಲ. “ಗಂಡಸುತನವೇ ಹೋದ ಮೇಲೆ ಈ ಸೂಜಿ ಯಾಕೆ?” ಎಂದು ಚಿಕಿತ್ಸೆ ಬಿಡುವ ಮನಸ್ಸಾಗುವುದು ಇಲ್ಲಿಯೇ. ಬಿಡಬೇಡಿ.

ಈ ದಣಿವಿಗೆ ಮಲಗುವುದು ಮದ್ದಲ್ಲ. ಮಲಗಿದಷ್ಟೂ ಮೈ ಇನ್ನೂ ಸೊರಗುತ್ತದೆ. ಕೆನಡಾ ದೇಶದಲ್ಲಿ ಇದೇ ಚಿಕಿತ್ಸೆಯಲ್ಲಿದ್ದ 155 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಂದ 12 ವಾರ, ವಾರಕ್ಕೆ ಮೂರು ಸಲ ಭಾರದ ವ್ಯಾಯಾಮ ಮಾಡಿಸಿದರು. ಅವರ ದಣಿವು ಇಳಿಯಿತು, ಕಸುವು ಏರಿತು. ಈ ವರದಿ ಬಂದದ್ದು 2003ರಲ್ಲಿ.

“ದಿನವಿಡೀ ಒಲೆಯ ಮುಂದೆ ನಿಂತವರಿಗೆ ಇನ್ನೆಂಥ ವ್ಯಾಯಾಮ?” ಎಂದು ನೀವು ಕೇಳಬಹುದು. ನಿಂತರೆ ಕಾಲು ಸೋಲುತ್ತದೆಯೇ ಹೊರತು ಬಲಿಯುವುದಿಲ್ಲ. ಅಭ್ಯಾಸಕ್ಕಿಂತ ತುಸು ಹೆಚ್ಚು ಭಾರ ಕೊಟ್ಟು, ಮಾರನೆಯ ದಿನ ಬಿಡುವು ಕೊಟ್ಟು, ವಾರ ವಾರಕ್ಕೆ ಸ್ವಲ್ಪ ಏರಿಸಿದರೆ ಅದು ವ್ಯಾಯಾಮ. ಗರಡಿಯ ಗದೆ ಬೇಕಾಗಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಗೋಡೆಗೆ ಅಂಗೈ ಊರಿ, ಮೊಳಕೈ ಮಡಿಸಿ ಮೈಯನ್ನು ಹಿಂದಕ್ಕೆ ತಳ್ಳಿ. ಎರಡು ಚೀಲಗಳಲ್ಲಿ ಒಂದೊಂದು ಕಿಲೋ ಅಕ್ಕಿ ಹಾಕಿ ಎತ್ತಿ ಇಳಿಸಿ. ಚಾಳಿನ ಮೆಟ್ಟಿಲು ಹೇಗೂ ಇದೆ. ಇದರ ಜೊತೆಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ. ಅರ್ಧ ಗಂಟೆ ಒಮ್ಮೆಗೇ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಬೆವರುವ ಕಾವಿಗೆ ಮಾತ್ರ ವ್ಯಾಯಾಮವನ್ನೇ ನೆಚ್ಚಬೇಡಿ, ವೈದ್ಯರನ್ನು ಕೇಳಿ.

ಗ್ರಂಥಿಯನ್ನು ತೆಗೆಸಿಕೊಂಡವರಿಗೆ ಕೆಮ್ಮಿದಾಗ, ಎದ್ದಾಗ ಮೂತ್ರ ಜಿನುಗುವುದುಂಟು. ಇದಕ್ಕೆ ನಾಚಿ ಮದುವೆ ಮುಂಜಿಗಳನ್ನೇ ಬಿಡುವವರಿದ್ದಾರೆ. ಗಾಳಿ ತಡೆಯುವಂತೆ, ಮೂತ್ರದ ಧಾರೆ ತಡೆಯುವಂತೆ ಒಳಗಿನ ಸ್ನಾಯುವನ್ನು ಬಿಗಿಹಿಡಿದು, ಐದೆಣಿಸಿ ಸಡಿಲಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡಬಾರದು, ಮೂತ್ರದ ನಳಿಗೆ ಇರುವ ತನಕ ಶುರು ಮಾಡಲೇಬಾರದು. ಬಸ್ಸಿನಲ್ಲಿ ಕುಳಿತೂ ಮಾಡಬಹುದು, ಪಕ್ಕದವನಿಗೆ ತಿಳಿಯದು! ಗುಣ ಕಾಣಲು ವಾರಗಳಲ್ಲ, ತಿಂಗಳುಗಳೇ ಬೇಕು.

ರೋಗ ಮೂಳೆಗೆ ಹರಡಿದ್ದರೆ ಯಾವ ಭಾರ ಎತ್ತಬಹುದೆಂದು ವೈದ್ಯರನ್ನು ಕೇಳದೆ ತೊಡಗಬೇಡಿ. ಶಸ್ತ್ರಕ್ರಿಯೆಯಾದ ಮೊದಲ ವಾರಗಳಲ್ಲಿಯೂ ಭಾರ ಬೇಡ. ಬೆನ್ನಿನಲ್ಲಿ ಹೊಸ ನೋವು, ಕಾಲಿನಲ್ಲಿ ಜೋಮು ಅಥವಾ ನಿತ್ರಾಣ ಕಂಡರೆ ನಾಳೆಗೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಕುರ್ಚಿಯ ವ್ಯಾಯಾಮವನ್ನು ಇಲ್ಲಿಯೇ ಮಾಡಿ ತೋರಿಸುತ್ತೇವೆ. ಎಲ್ಲರೆದುರು ಕೇಳಲು ಸಂಕೋಚವಿರುವವರು ಚಹಾದ ಹೊತ್ತಿನಲ್ಲಿ ನಮ್ಮನ್ನು ಬದಿಗೆ ಕರೆದು ಕೇಳಬಹುದು.