ಕ್ಯಾಂಟೀನು ಗುತ್ತಿಗೆ: ರುಜು ಹಾಕುವ ಮುನ್ನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲಿನಲ್ಲಿ ಹತ್ತಾರು ವರ್ಷ ದುಡಿದ ನಮ್ಮವರು ನಾಲ್ಕು ಕಾಸು ಕೂಡಿದೊಡನೆ ಕಾರ್ಖಾನೆಯದೋ ಕಚೇರಿಯದೋ ಕ್ಯಾಂಟೀನು ಗುತ್ತಿಗೆ ಹಿಡಿಯಲು ಹೊರಡುತ್ತಾರೆ. ಸಂತೋಷವೇ. ಆದರೆ ಅಡಿಗೆ ಬಲ್ಲವರೆಲ್ಲ ಕರಾರು ಬಲ್ಲವರಲ್ಲ. ಒಲೆಯ ಮುಂದೆ ಗೆದ್ದವರು ಕಾಗದದ ಮೇಲೆ ಸೋಲುವುದುಂಟು.

ಒಂದು ಲೆಕ್ಕ ಹಾಕೋಣ. ದಿನಕ್ಕೆ 300 ಊಟ; ಊಟಕ್ಕೆ ದರ 50 ರೂಪಾಯಿ, ನಮಗೆ ತಗಲುವ ಖರ್ಚು 47 ಎನ್ನೋಣ. ತಿಂಗಳ ಕೊನೆಗೆ ಬಿಲ್ಲು, ಅದಾದ 45 ದಿನಕ್ಕೆ ಹಣ ಎಂದು ಒಪ್ಪಿದೆವು. ಮೊದಲ ಹಣ ಕೈಸೇರುವ ಹೊತ್ತಿಗೆ, ವಾರದ ರಜೆ ಕಳೆದು, ಸುಮಾರು 65 ದಿನ ಬಡಿಸಿರುತ್ತೇವೆ. ಅದರ ಖರ್ಚು 9,16,500 ರೂಪಾಯಿ. ಲಾಭ ಬರೇ 58,500. ಅಷ್ಟು ದಿನ ಕಿರಾಣಿಯವನು ಉದ್ರಿ ಕೊಟ್ಟಾನೆಯೇ? ಕೊಡದಿದ್ದರೆ ಮೊದಲು ನಿಲ್ಲುವುದು ಹುಡುಗರ ಪಗಾರ. ಅವರೂ ನಮ್ಮಂತೆ ಊರು ಬಿಟ್ಟು ಬಂದವರೇ.

ಇನ್ನು ದರದ ಮಾತು. ಎಣ್ಣೆ, ಬೇಳೆ ತುಟ್ಟಿಯಾಗಿ ಖರ್ಚು 51ಕ್ಕೆ ಏರಿದರೆ ಊಟಕ್ಕೆ ಒಂದು ರೂಪಾಯಿ ನಷ್ಟ; 26 ದಿನದ ತಿಂಗಳಿಗೆ 7,800. ವರ್ಷವಿಡೀ ಒಂದೇ ದರವೆಂದು ರುಜು ಹಾಕಿದ ಮೇಲೆ ಯಾರನ್ನು ಕೇಳೋಣ?

ಆದ್ದರಿಂದ ನಾಲ್ಕು ಸಂಗತಿಗಳನ್ನು ಕರಾರಿನಲ್ಲಿ ಬರೆಸಬೇಕು. ಊಟ ಕಡಿಮೆಯಾದರೂ ದಿನಕ್ಕೆ ಕನಿಷ್ಠ ಎಷ್ಟು ಊಟದ ಹಣ ಖಂಡಿತ? ಬಿಲ್ಲು ಎಷ್ಟು ದಿನದಲ್ಲಿ ಸಂದಾಯ? ಸಾಮಾನಿನ ಬೆಲೆ ಏರಿದರೆ ದರ ಯಾವಾಗ ಬದಲು? ಬಿಡಿಸುವುದಾದರೆ ಎಷ್ಟು ದಿನದ ನೋಟೀಸು, ಠೇವಣಿ ಯಾವಾಗ ವಾಪಸು? ಹದಿನೈದು ದಿನಕ್ಕೊಮ್ಮೆ ಬಿಲ್ಲು, ಮತ್ತೆ ಹದಿನೈದು ದಿನದಲ್ಲಿ ಹಣ ಎಂದು ಬರೆಸಿದರೆ, ಮೊದಲಿಗೆ ನಾವು ಹಾಕಬೇಕಾದ ಹಣ 3,66,600ಕ್ಕೆ ಇಳಿಯುತ್ತದೆ.

1872ರ ಕರಾರು ಕಾಯಿದೆಯಲ್ಲಿ ಬಾಯಿಮಾತಿನ ಕರಾರಿಗೂ ಬೆಲೆಯುಂಟು. ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತಾಗುತ್ತದೆ. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಕಾಯಿದೆ, ನೋಂದಾಯಿಸಿಕೊಂಡವರ ಬಾಕಿಯನ್ನು, ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕೆನ್ನುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಗುತ್ತಿಗೆ ಹಿಡಿಯುವ ಮೊದಲೇ ಅದನ್ನು ಮಾಡಿಸಿಕೊಳ್ಳಬೇಕು.

ಬಂಧುಗಳೇ, ಕರಾರುಪತ್ರ ಕೈಗೆ ಬಂದಾಗ ಅವಸರದಿಂದ ರುಜು ಹಾಕಬೇಡಿ. ಸಂಘದ ಕಚೇರಿಗೆ ತನ್ನಿ. ಬಲ್ಲವರಿಂದ ಓದಿಸೋಣ, ಕೂಡಿ ಲೆಕ್ಕ ಹಾಕೋಣ. ನಷ್ಟದ ಗುತ್ತಿಗೆಯನ್ನು ಬೇಡವೆನ್ನುವುದೂ ವ್ಯಾಪಾರವೇ.