ಅಂಗಳಕ್ಕೆ ಬಿದ್ದ ಅಲೆ ಯಾರದು?

(ಬೆಳ್ಳಾರೆಯ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ಟಿ.ವಿ. ಅಲೆಯನ್ನು ನಮ್ಮ ಮನೆಯಲ್ಲಿ ಹಿಡಿದರೆ ಅಪರಾಧವೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಉತ್ತರಕ್ಕೆ ರೇಡಿಯೋದ ಕಾಲದಿಂದಲೇ ಹೊರಡಬೇಕು.

ಬ್ರಿಟಿಷರು ಮಾಡಿದ 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದೇ ತಪ್ಪಾಗಿತ್ತು. ಆದರೆ ಆ ಲೈಸೆನ್ಸು ಪೆಟ್ಟಿಗೆಗೆ, ಕೇಳುವ ಕಿವಿಗಲ್ಲ. 1952ರಲ್ಲಿ ಮಂತ್ರಿಯಾದ ಕೇಸ್ಕರರು ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದಾಗ ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಕೊನೆಗೆ ಸರಕಾರವೇ ಸೋತು 1957ರಲ್ಲಿ ವಿವಿಧ ಭಾರತಿಯನ್ನು ತೆರೆಯಿತು.

1991ರಲ್ಲಿ ಹಾಂಗ್‌ಕಾಂಗಿನಿಂದ ಸ್ಟಾರ್ ಟಿ.ವಿ. ಬಂತು. ಅದನ್ನು ಹಿಡಿಯಲು ದೊಡ್ಡ ಡಿಶ್ ಬೇಕು, ದೊಡ್ಡ ಡಿಶ್ಶಿಗೆ ದೊಡ್ಡ ದುಡ್ಡು ಬೇಕು. ಆಗ ಯಾರೂ ತಡೆಯಲಿಲ್ಲ. ಆದರೆ 1997ರ ಜುಲೈಯಲ್ಲಿ ಕೇಂದ್ರ ಸರಕಾರ ಒಂದು ಅಧಿಸೂಚನೆ ಹೊರಡಿಸಿತು: 4800 ಮೆಗಾಹರ್ಟ್ಸಿಗಿಂತ ಮೇಲಿನ ಟಿ.ವಿ. ಅಲೆ ಹಿಡಿಯುವ ಸಾಧನವನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಕೂಡದು.

ಈ ಅಂಕಿಯ ಒಳಗುಟ್ಟು ನೋಡಿ. ದೊಡ್ಡ ಡಿಶ್ಶಿಗೆ ಬರುವ ಅಲೆ 4000ದ ಆಸುಪಾಸಿನದು, ಅದಕ್ಕೆ ಬಾಧಕವಿಲ್ಲ. ಸಣ್ಣ ತಟ್ಟೆಗೆ ಬರುವುದು 10000ಕ್ಕೂ ಮೇಲಿನದು, ಅದು ನಿಷಿದ್ಧ. ಅಡಿಕೆ ತೋಟದ ದಣಿಗಳ ಅಂಗಳದಲ್ಲಿ ಎಂಟಡಿ ಡಿಶ್ ಇದ್ದರೆ ಕಾನೂನು ಸುಮ್ಮನಿರುತ್ತದೆ. ಕೂಲಿಯವನ ಹಂಚಿನ ಮಾಡಿನ ಮೇಲೆ ಎರಡಡಿ ತಟ್ಟೆ ಕಂಡರೆ ಕಣ್ಣು ಬಿಡುತ್ತದೆ!

ಸರಕಾರಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮರ್ಡೋಕನ ಕಂಪೆನಿ ಆ ತಟ್ಟೆಯ ವ್ಯಾಪಾರಕ್ಕೆ ಸಿದ್ಧವಾಗಿ ನಿಂತಿತ್ತು, ಅದನ್ನು ಹದ್ದಿನಲ್ಲಿಡಲು ದೇಶದಲ್ಲಿ ತಕ್ಕ ಕಾನೂನಿರಲಿಲ್ಲ. ಹಾಗಿದ್ದರೆ ಕಳುಹಿಸುವ ಸಾಹುಕಾರನನ್ನು ಕಟ್ಟಬೇಕಿತ್ತು. ನೋಡುವವನ ಮಾಡು ಹತ್ತುವುದು ಯಾಕೆ? 1995ರ ಫೆಬ್ರವರಿಯಲ್ಲೇ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಅಲೆಗಳು ಸಾರ್ವಜನಿಕ ಸ್ವತ್ತು, ವಿಷಯ ಪಡೆಯುವುದೂ ವಾಕ್‌ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು ಹೇಳಿತ್ತಲ್ಲ! ಸ್ವತ್ತು ಸಾರ್ವಜನಿಕವೆಂದರೆ ಸರಕಾರದ ಜಹಗೀರೂ ಅಲ್ಲ, ಕಂಪೆನಿಯ ಅಂಗಡಿಯೂ ಅಲ್ಲ.

2000ದ ನವೆಂಬರಿನಲ್ಲಿ ಮಂತ್ರಿಮಂಡಲ ಆ ನಿಷೇಧವನ್ನು ತೆಗೆಯಲು ತೀರ್ಮಾನಿಸಿತು. 2005ರ ನಿಯಮಗಳು ಭಾರವನ್ನು ಇರಬೇಕಾದಲ್ಲೇ ಹೊರಿಸಿದುವು: ಪರದೇಶದ ಚಾನೆಲನ್ನು ಇಲ್ಲಿ ಹಂಚುವ ಕಂಪೆನಿ ನೋಂದಣಿ ಮಾಡಿಸಬೇಕು, ನೋಂದಣಿಯಿಲ್ಲದ್ದನ್ನು ಕೇಬಲಿನವನು ಮನೆಮನೆಗೆ ಕೊಡಕೂಡದು. ಬೀಗ ಹಾಕಿದ ಚಾನೆಲನ್ನು ಕಳ್ಳ ಕಾರ್ಡಿನಿಂದ ತೆರೆಯುವುದು ಬೇರೆಯೇ ಮಾತು, ಅದಕ್ಕೆ ನನ್ನ ಬೆಂಬಲ ಕೇಳಬೇಡಿ.

2004ರ ಡಿಸೆಂಬರಿನಲ್ಲಿ ದೂರದರ್ಶನವು ತಿಂಗಳ ಬಾಡಿಗೆಯಿಲ್ಲದ ಸೇವೆಯನ್ನು ಆರಂಭಿಸಿತು. ಏಳು ವರ್ಷ ಹಿಂದೆ ಸರಕಾರ ಯಾವ ಸಣ್ಣ ತಟ್ಟೆಯನ್ನು ನಿಷೇಧಿಸಿತ್ತೋ, ಅದೇ ತಟ್ಟೆಯಲ್ಲಿ.