ಲಸಿಕೆ ಪಡೆದ ಕೋಳಿಗಳಲ್ಲಿ ಕೊಕ್ಕರೆ ರೋಗ: ಪತ್ತೆಯ ಕ್ರಮ ಮತ್ತು ಗ್ರಾಮ ಪಂಚಾಯಿತಿಯ ಹೊಣೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಲಸಿಕೆ ಹಾಕಿಸಿದ ಗ್ರಾಮದಲ್ಲಿಯೇ ಕೋಳಿಗಳು ಸಾಯತೊಡಗಿದಾಗ ಎರಡು ಮಾತುಗಳು ಕೇಳಿಬರುವುದು ವಾಡಿಕೆ. ಲಸಿಕೆ ಕಳಪೆಯಾಗಿತ್ತು ಎಂಬುದು ಒಂದು. ಲಸಿಕೆ ಹಾಕಿರುವುದರಿಂದ ಇದು ಕೊಕ್ಕರೆ ರೋಗವಾಗಿರಲಾರದು ಎಂಬುದು ಮತ್ತೊಂದು. ಪರೀಕ್ಷೆಗೆ ಮೊದಲು ಆಡುವ ಈ ಎರಡಕ್ಕೂ ಆಧಾರವಿಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ. ಅದನ್ನು ನಂಬಿದ ಮನೆಯವರು ಉಳಿದ ಕೋಳಿಗಳನ್ನು ಮುಂದಿನ ಸಂತೆಗೆ ಒಯ್ಯುತ್ತಾರೆ.

ಇಲಾಖೆಯ ಭಾಷೆಯಲ್ಲಿ ಕೊಕ್ಕರೆ ರೋಗವೆಂದರೆ ರಾಣಿಖೇತ್ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಮತ್ತು ಜಾವಾ ದ್ವೀಪದಲ್ಲಿ ಗುರುತಿಸಲ್ಪಟ್ಟ ಈ ರೋಗವು ಭಾರತದಲ್ಲಿ ಕುಮಾವೂನಿನ ರಾಣಿಖೇತ್ ಊರಿನ ಹೆಸರನ್ನು ಪಡೆಯಿತು. ಲಸಿಕೆ ಇಲ್ಲದ ಹಿಂಡಿನಲ್ಲಿ ಇದನ್ನು ಶಂಕಿಸುವುದು ಕಷ್ಟವಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು, ಕೆಲವೇ ದಿನಗಳಲ್ಲಿ ಹಿಂಡಿನ ಬಹುಪಾಲು ನಾಶ. ಲಸಿಕೆ ಪಡೆದ ಹಿಂಡಿನಲ್ಲಿಯಾದರೋ ಚಿತ್ರ ಮಸುಕಾಗಿರುತ್ತದೆ. ಮೊಟ್ಟೆ ಇಡುವುದು ಥಟ್ಟನೆ ಇಳಿಯುತ್ತದೆ. ಚಿಪ್ಪು ತೆಳುವಾದ, ಕೆಲವೊಮ್ಮೆ ಚಿಪ್ಪೇ ಇಲ್ಲದ ಮೊಟ್ಟೆಗಳು ಬರುತ್ತವೆ. ಅಲ್ಲೊಂದು ಇಲ್ಲೊಂದು ಹಕ್ಕಿ ಸಾಯುತ್ತದೆ. ಲಸಿಕೆಯು ಹಕ್ಕಿಯನ್ನು ರೋಗದಿಂದ ಕಾಯುತ್ತದೆ. ಆದರೆ ವೈರಾಣು ಒಳಹೋಗುವುದನ್ನೂ ಹಿಕ್ಕೆಯ ಮೂಲಕ ಹೊರಬೀಳುವುದನ್ನೂ ಪೂರ್ಣವಾಗಿ ತಡೆಯುವುದಿಲ್ಲ. ಆರೋಗ್ಯವಾಗಿ ಕಾಣುವ ಕೋಳಿಯೂ ನೆರೆಮನೆಗೆ ರೋಗ ಮುಟ್ಟಿಸಬಲ್ಲದು.

ಮೇಲ್ಮಟ್ಟದ ಜಲಾಗಾರ ತುಂಬಿದೆ ಎಂದು ವಾಟರ್‌ಮ್ಯಾನ್ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಕೊನೆಯ ಬೀದಿಯ ನಲ್ಲಿಯಲ್ಲಿ ನೀರು ಬಂದಿತೆಂದು ಯಾವ ಸದಸ್ಯರೂ ಒಪ್ಪಲಾರರು. ಲಸಿಕಾ ವಹಿಯೂ ಹಾಗೆಯೇ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ದ್ರಾವಣದಲ್ಲಿ ಬೆರೆಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಕ್ಲೋರಿನ್ ಬೆರೆತ ನೀರಿನಲ್ಲಿ ಕುಡಿಸಿದರೆ ಜೀವಂತ ಲಸಿಕೆ ಸತ್ತುಹೋಗುತ್ತದೆ. (ಪಂಚಾಯಿತಿಯೇ ಕ್ಲೋರಿನ್ ಹಾಕಿ ಸರಬರಾಜು ಮಾಡುವ ನೀರು ಇದು ಎಂಬುದನ್ನು ಮರೆಯುವಂತಿಲ್ಲ.) ತಾಯಿಯಿಂದ ಬಂದ ಪ್ರತಿಕಾಯಗಳು ಮರಿಯಲ್ಲಿ ಹೆಚ್ಚಾಗಿದ್ದರೂ, ಗಂಬೋರೊ ರೋಗದಿಂದ ಮರಿಯ ರೋಗನಿರೋಧಕ ಅಂಗವೇ ಹಾಳಾಗಿದ್ದರೂ ಲಸಿಕೆ ಹಿಡಿಯುವುದಿಲ್ಲ. ವೈರಾಣು ಆಗಲೇ ಸೇರಿದ್ದ ಹಿಂಡಿಗೆ ಲಸಿಕೆ ಹಾಕಿದ್ದಲ್ಲಿ ಸಾವುಗಳು ಲಸಿಕೆಯ ಮರುದಿನದಿಂದಲೇ ಆರಂಭವಾಗಬಹುದು. ಆಗ ದೂರು ಬರುವುದು ಲಸಿಕೆ ಹಾಕಿದವರ ಮೇಲೆ.

ಪತ್ತೆಯ ನಿಜವಾದ ತೊಡಕು ಪ್ರಯೋಗಾಲಯದಲ್ಲಿದೆ. ರಕ್ತದಲ್ಲಿ ಪ್ರತಿಕಾಯ ಇದೆ ಎಂಬ ವರದಿಯಿಂದ ಏನೂ ಸಿದ್ಧವಾಗದು. ಅದು ಲಸಿಕೆಯಿಂದಲೂ ಬಂದಿರಬಹುದು. ಆದ್ದರಿಂದ ರೋಗ ಕಂಡೊಡನೆ ಒಮ್ಮೆ, ಎರಡು ಮೂರು ವಾರಗಳ ಅನಂತರ ಮತ್ತೊಮ್ಮೆ, ಅದೇ ಹಿಂಡಿನ ರಕ್ತವನ್ನು ತೆಗೆದು ಎಚ್.ಐ. ಪರೀಕ್ಷೆಯಲ್ಲಿ ಹೋಲಿಸುತ್ತಾರೆ. ನಡುವೆ ಲಸಿಕೆ ಹಾಕದೆ ಇದ್ದೂ ಪ್ರಮಾಣವು ನಾಲ್ಕು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಹೊಸ ಸೋಂಕಿನ ಶಂಕೆ ಬಲವಾಗುತ್ತದೆ. ವೈರಾಣು ಸಿಕ್ಕಿತು ಎಂದರೂ ಸಾಲದು. ಲಾಸೋಟ, ಆರ್‌2ಬಿ ಮೊದಲಾದ ಜೀವಂತ ಲಸಿಕೆಗಳ ವೈರಾಣುವೇ ಸಿಕ್ಕಿರಬಹುದು. ಅದು ಲಸಿಕೆಯದೋ ರೋಗದ್ದೋ ಎಂಬುದನ್ನು ವೈರಾಣುವಿನ ಎಫ್ ಪ್ರೋಟೀನಿನ ವಂಶವಾಹಿ ಭಾಗವನ್ನು ಓದಿ ನಿರ್ಧರಿಸಲಾಗುತ್ತದೆ. ಕಡೆಯ ಲಸಿಕೆಯ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಇಲ್ಲದೆ ಕಳುಹಿಸಿದ ಮಾದರಿಯು ಇದೇ ಕಾರಣದಿಂದ ಅರ್ಧ ಮಾದರಿ.

ಮಾದರಿ ತೆಗೆಯುವುದು ಪಶುವೈದ್ಯಾಧಿಕಾರಿಗಳ ಕಾರ್ಯ. ಗಂಟಲು ಮತ್ತು ಗುದದ್ವಾರದ ಸ್ವಾಬ್‌ಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತ್ವರಿತವಾಗಿ ಪ್ರಯೋಗಾಲಯ ಸೇರಬೇಕು. ಗ್ರಾಮಸ್ಥರು ಸತ್ತ ಕೋಳಿಯನ್ನು ಕೊಯ್ದು ನೋಡುವುದು ಖಂಡಿತ ಕೂಡದು. ಹಕ್ಕಿಜ್ವರವೂ ಆರಂಭದಲ್ಲಿ ಇದೇ ರೂಪ ತಾಳಬಲ್ಲದು, ಮನುಷ್ಯರಿಗೂ ತಗಲಬಲ್ಲದು. 2012ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಕುಕ್ಕುಟ ಕೇಂದ್ರದಲ್ಲಿಯೇ ಅದು ಕಾಣಿಸಿಕೊಂಡಿತ್ತು. ಹಕ್ಕಿಜ್ವರದ ಶಂಕೆಯಿದ್ದಲ್ಲಿ ಮಾದರಿಯು ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆಗೆ ಹೋಗುತ್ತದೆ.

ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರ ಅನುಸೂಚಿಯಲ್ಲಿ ಈ ಎರಡೂ ರೋಗಗಳಿವೆ. ಅದರ 4ನೇ ಪ್ರಕರಣದಂತೆ ಮಾಲೀಕರು ಶಂಕೆಯನ್ನು ತಿಳಿಸಬೇಕಾದುದು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ. ಅಲ್ಲಿಂದ ಲಿಖಿತ ವರದಿ ಸಮೀಪದ ಪಶುವೈದ್ಯರಿಗೆ ಹೋಗುತ್ತದೆ. ಹತ್ತು ಹನ್ನೆರಡು ನಾಟಿ ಕೋಳಿಗಳನ್ನೇ ನಂಬಿದ ಮಹಿಳೆ ಸಾವನ್ನು ಮುಚ್ಚಿಡುವುದು ಸಹಜ. ಆ ಕೋಳಿಗಳೇ ಅವರ ಕೈಗಾಸು. ಗದರಿಸಿದರೆ ಅವರು ಇನ್ನೊಮ್ಮೆ ತಿಳಿಸಲಾರರು. ವಾರ್ಡಿನ ಸದಸ್ಯರು ಸ್ವಸಹಾಯ ಸಂಘಗಳ ಮೂಲಕ ಸುದ್ದಿ ತಿಳಿದುಕೊಂಡು, ಅದೇ ದಿನ ಪಶು ಚಿಕಿತ್ಸಾಲಯಕ್ಕೆ ಪತ್ರ ಕಳುಹಿಸುವುದು. ವರದಿ ಬರುವವರೆಗೆ ಆ ಬೀದಿಯ ಕೋಳಿಗಳು ಸಂತೆಗೆ ಹೋಗದಂತೆ ನೋಡಿಕೊಳ್ಳುವುದು. ಸತ್ತ ಕೋಳಿಗಳನ್ನು ಕೆರೆಗೂ ತಿಪ್ಪೆಗೂ ಎಸೆಯದೆ, ಬಾವಿಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಲು ಸ್ಥಳವನ್ನು ಮುಂಚಿತವಾಗಿಯೇ ಗುರುತಿಸಿಡುವುದು.